ಮುರಿಯದ ಉಸಿರು: ಸ್ಯಾಕ್ಸೊಫೋನಿನ ಏಕಾಂಗಿ ವಾದನದಲ್ಲಿ ದೇಹಶ್ರಮದ ವಿಚಾರ

ಸಂಗೀತ ಕಚೇರಿಯನ್ನು ಮೆಚ್ಚಿ ಬರೆಯುವಾಗ ನಮ್ಮಲ್ಲಿ ಬಳಕೆಯಾಗುವ ವಿಶೇಷಣಗಳನ್ನು ಸಹೃದಯರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ‘ನಿರಾಯಾಸವಾದ ವಾದನ’, ‘ಹೊಳೆಯಂತೆ ಹರಿಯುವ ಶೈಲಿ’, ‘ಶ್ರಮದ ಲೇಶವೂ ತೋರದ ಸಂಚಾರ’: ಮಾತು ಬೇರೆಯಾದರೂ ಅಭಿಪ್ರಾಯ ಒಂದೇ. ಆಯಾಸ ಕಾಣದಿದ್ದರೆ ಗುಣ, ಕಂಡರೆ ದೋಷ. ಈ ನಿಲುವು ನಿನ್ನೆ ಮೊನ್ನೆಯದಲ್ಲ. 13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಗಾಯಕರ ದೋಷಗಳನ್ನು ಎಣಿಸುವಾಗ ಹಲ್ಲು ಕಚ್ಚಿ ಹಾಡುವವನು, ಬಾಯನ್ನು ವಿಕಾರವಾಗಿ ತೆರೆಯುವವನು, ಕತ್ತನ್ನು ಕೊಂಕಿಸುವವನು, ಕೆನ್ನೆಯನ್ನು ಸೋರೆಬುರುಡೆಯ ಹಾಗೆ ಉಬ್ಬಿಸುವವನು, ಹೀಗೆ ಒಬ್ಬೊಬ್ಬನಿಗೂ ಒಂದೊಂದು ಹೆಸರಿಟ್ಟು ನಿಂದಿಸಿದ್ದಾನೆ. ಕೆನ್ನೆ ಉಬ್ಬಿಸುವವನು ಅವನ ಪಟ್ಟಿಯಲ್ಲಿ ‘ತುಂಬಕೀ’.

ಆದರೆ ಅದೇ ಶಾರ್ಙ್ಗದೇವನು ಗ್ರಂಥದ ಮೊದಲಲ್ಲಿ, ಸ್ವರಗಳ ಮಾತೆತ್ತುವುದಕ್ಕೆ ಮುಂಚೆಯೇ, ಮನುಷ್ಯದೇಹ ಹೇಗೆ ಉಂಟಾಗುತ್ತದೆ ಎಂಬುದನ್ನು ವಿಸ್ತಾರವಾಗಿ ಹೇಳುತ್ತಾನೆ. ದೇಹದೊಳಗಿನ ಅಗ್ನಿಯು ವಾಯುವನ್ನು ಪ್ರೇರಿಸಿ, ಆ ವಾಯು ನಾಭಿಯಿಂದ ಹೃದಯ, ಕಂಠ, ಶಿರಸ್ಸು, ಮುಖಗಳಿಗೆ ಏರಿದಾಗ ನಾದ ಹುಟ್ಟುತ್ತದೆ ಎಂಬುದು ಅವನ ಮತ. ನಾದಕ್ಕೆ ದೇಹವೇ ಮೂಲವೆಂದು ಒಪ್ಪಿದವನು ಆ ದೇಹ ದುಡಿಯುವುದು ಕಣ್ಣಿಗೆ ಬಿದ್ದೊಡನೆ ಮುಖ ತಿರುಗಿಸುತ್ತಾನೆ. ಗಾಯಕನ ಮಟ್ಟಿಗೆ ಈ ನಿಯಮ ಸರಿಯಿರಬಹುದು. ಊದುವವನ ಪಾಡೇನು? ಅವನ ಕೆನ್ನೆ ಉಬ್ಬಿದರೆ ಅದು ದೋಷವೋ, ಅಥವಾ ಅವನ ವಿದ್ಯೆಯೇ ಅಲ್ಲಿ ಇದೆಯೋ?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವನು ಯಾವ ಪಂಡಿತನೂ ಅಲ್ಲ, ಐದನೆಯ ತರಗತಿಯ ಒಬ್ಬ ಹುಡುಗ. ಮೂವತ್ತು ವರ್ಷಗಳ ಹಿಂದಿನ ಮಾತು. ಮಡಕಶಿರದ ಸೀಮೆ ಆಗ ಅನಂತಪುರ ಜಿಲ್ಲೆಯಲ್ಲಿತ್ತು. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅಮರಾಪುರದ ಕಡೆ ಒಂದು ಹಳ್ಳಿಯ ಮದುವೆಗೆ ಹೋಗಿದ್ದೆವು. ಚಪ್ಪರದ ಮೂಲೆಯಲ್ಲಿ ಭಜಂತ್ರಿಯವರು ಕುಳಿತಿದ್ದರು. (ಕನ್ನಡಕ್ಕೂ ತೆಲುಗಿಗೂ ಸಮಾನವಾಗಿ ಸಲ್ಲುವ ಈ ಮಾತು ನಮ್ಮ ಗಡಿನಾಡಿಗೆ ಬಲು ಒಪ್ಪುತ್ತದೆ. ರಾಯದುರ್ಗ ಬಳ್ಳಾರಿ ಜಿಲ್ಲೆಯನ್ನು ಬಿಟ್ಟು 1953ರಲ್ಲಿ ಅನಂತಪುರಕ್ಕೆ ಸೇರಿದಾಗ ಕಚೇರಿಯ ಭಾಷೆ ಬದಲಾಯಿತು, ಭಜಂತ್ರಿ ಬದಲಾಗಲಿಲ್ಲ.) ಹುಡುಗನ ಕಣ್ಣು ನಾಗಸ್ವರ ನುಡಿಸುತ್ತಿದ್ದವರ ಮೇಲಿರಲಿಲ್ಲ, ಡೋಲಿನ ಮೇಲೂ ಇರಲಿಲ್ಲ. ಹಿಂದೆ ಗೋಡೆಗೆ ಒರಗಿ ಶ್ರುತಿ ಹಿಡಿದಿದ್ದ ಮುದುಕನನ್ನೇ ನೆಟ್ಟನೋಟದಿಂದ ನೋಡುತ್ತಿದ್ದ. ಆ ಮುದುಕನ ಕೊಳವೆಯಲ್ಲಿ ಸ್ವರ ಒಂದೇ; ಅದು ಏರುವುದಿಲ್ಲ, ಇಳಿಯುವುದಿಲ್ಲ, ನಿಲ್ಲುವುದೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಹುಡುಗ ನನ್ನ ಕೈ ಜಗ್ಗಿ ಕೇಳಿದ: “ಮೇಷ್ಟ್ರೆ, ಆ ತಾತ ಯಾವಾಗ ಉಸಿರು ತಗಂತಾನೆ?”

“ಮೂಗಿಲ್ಲವೇನೋ ಅವರಿಗೆ? ಊಟಕ್ಕೆ ನಡಿ” ಎಂದುಬಿಟ್ಟೆ. ಉತ್ತರ ಸುಳ್ಳಲ್ಲ, ಆದರೆ ಉತ್ತರವೂ ಅಲ್ಲ.

ಸರಿಯಾದ ಉತ್ತರ ಇದು. ಶ್ವಾಸಕೋಶದ ಗಾಳಿ ಮುಗಿಯುವ ಮುಂಚೆ ಊದುವವನು ಒಂದಿಷ್ಟು ಗಾಳಿಯನ್ನು ಕೆನ್ನೆಗಳಲ್ಲಿ ಕೂಡಿಡುತ್ತಾನೆ. ಕೆನ್ನೆಯ ಸ್ನಾಯುಗಳಿಂದ ಆ ಗಾಳಿಯನ್ನು ಕೊಳವೆಗೆ ಒತ್ತುವ ಕ್ಷಣದಲ್ಲೇ ಮೂಗಿನಿಂದ ಹೊಸ ಉಸಿರನ್ನು ಎಳೆದುಕೊಳ್ಳುತ್ತಾನೆ. ಹೊರಗೆ ಹೋಗುವ ಗಾಳಿಗೂ ಒಳಗೆ ಬರುವ ಗಾಳಿಗೂ ನಡುವೆ ನಾಲಿಗೆಯ ಬುಡವೇ ಕದ. ಹಾವಾಡಿಗರ ಪುಂಗಿ ನಿಲ್ಲದೆ ನುಡಿಯುವುದು ಈ ಉಪಾಯದಿಂದಲೇ. ನಾಗಸ್ವರದ ಮೇಳದಲ್ಲಿ ಈ ವಿದ್ಯೆ ಸೇರಿದ್ದು ಒತ್ತಿನವನಿಗೆ, ಎಂದರೆ ಮೇಳದಲ್ಲಿ ಕೊನೆಯ ಸ್ಥಾನದವನಿಗೆ. ರಾಗ ನುಡಿಸುವವರ ಹೆಸರನ್ನು ಊರವರು ಕೇಳಿ ತಿಳಿಯುತ್ತಿದ್ದರು. ಒತ್ತು ಹಿಡಿದವನ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಆ ಸ್ಥಾನವನ್ನೂ ಈಗ ಬಹುಮಟ್ಟಿಗೆ ವಿದ್ಯುತ್ತಿನ ಶ್ರುತಿಪೆಟ್ಟಿಗೆ ಹಿಡಿದಿದೆ.

ಈ ಕೆಲಸವನ್ನೇ ಬೇರೊಂದು ಖಂಡದಲ್ಲಿ ಬೇರೊಂದು ವಾದ್ಯದ ಮೇಲೆ ಮಾಡಿದವರು ಅದನ್ನು ಕಲೆಯ ಕೊನೆಯ ಸ್ಥಾನದಿಂದ ಮೊದಲ ಸ್ಥಾನಕ್ಕೆ ತಂದರು. ಆ ವಾದ್ಯ ಸ್ಯಾಕ್ಸೊಫೋನು. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸ್ಸಿನಲ್ಲಿ ಅದಕ್ಕೆ ಹಕ್ಕುಪತ್ರ ಪಡೆದ. ಮೈ ಹಿತ್ತಾಳೆಯದು, ನುಡಿಸುವ ನಾಲಿಗೆ ಮಾತ್ರ ಬೆತ್ತದಂತಹ ಜೊಂಡಿನ ಒಂದೇ ಸೀಳು. ದಂಡಿನ ಬ್ಯಾಂಡುಗಳಿಗೆಂದು ಬಯಲಲ್ಲಿ ಕೇಳುವಂತೆ ಮಾಡಿದ ವಾದ್ಯವಾದ್ದರಿಂದ ಅದರ ಕಂಠ ದೊಡ್ಡದು. ಅಮೆರಿಕದ ಜಾಝ್ ಸಂಗೀತಗಾರರು ಅದನ್ನು ಹಿಡಿದ ಮೇಲೂ ಬಹಳ ಕಾಲ ಅದು ಮೇಳದ ವಾದ್ಯವಾಗಿಯೇ ಉಳಿದಿತ್ತು. ಪಕ್ಕವಾದ್ಯವಿಲ್ಲದೆ, ತಾಳವಿಲ್ಲದೆ, ಶ್ರುತಿಯಿಲ್ಲದೆ ಒಂಟಿಯಾಗಿ ನುಡಿಸಬಹುದೆಂದು ಕೋಲ್ಮನ್ ಹಾಕಿನ್ಸ್ 1948ರ ‘ಪಿಕಾಸೊ’ ಎಂಬ ಪುಟ್ಟ ಮುದ್ರಿಕೆಯಲ್ಲಿ ತೋರಿಸಿದರು. ಷಿಕಾಗೋ ನಗರದ ಆಂಥೊನಿ ಬ್ರಾಕ್ಸ್ಟನ್ 1969ರಲ್ಲಿ ನುಡಿಸಿ 1971ರಲ್ಲಿ ಪ್ರಕಟಿಸಿದ ‘ಫಾರ್ ಆಲ್ಟೊ’ ಎರಡು ತಟ್ಟೆಗಳಷ್ಟು ದೀರ್ಘವಾದದ್ದು. ಅದರ ಉದ್ದಕ್ಕೂ ಒಬ್ಬನೇ ಮನುಷ್ಯ, ಒಂದೇ ವಾದ್ಯ.

ಒಂಟಿಯಾದೊಡನೆ ಏನಾಗುತ್ತದೆ? ಮರೆ ಹೋಗುತ್ತದೆ. ಮೇಳದಲ್ಲಿ ಉಸಿರು ತೆಗೆದುಕೊಳ್ಳುವ ಸಂದನ್ನು ಇನ್ನೊಬ್ಬನು ತುಂಬುತ್ತಾನೆ. ಒಂಟಿ ವಾದನದಲ್ಲಿ ಆ ಸಂದು ಬರಿದಾಗಿ ಕೇಳುತ್ತದೆ. ಕೀಲಿಗಳ ಟಕಟಕ, ತುಟಿಯಂಚಿನಿಂದ ಸೋರುವ ಗಾಳಿ, ಎಂಜಲಿನ ಗುಳುಗುಳು, ಎದೆಯ ಏದುಸಿರು ಎಲ್ಲವೂ ಕಿವಿಗೆ ಬೀಳುತ್ತವೆ. ಇವನ್ನು ಅಡಗಿಸುವುದು ಒಂದು ದಾರಿ. ಇವನ್ನೇ ಸಂಗೀತದ ಸಾಮಗ್ರಿಯಾಗಿ ಬಳಸುವುದು ಇನ್ನೊಂದು. ಪ್ರಯೋಗಶೀಲರು ಎರಡನೆಯದನ್ನು ಹಿಡಿದರು.

ಇವರಲ್ಲಿ ಇಂಗ್ಲೆಂಡಿನ ಇವಾನ್ ಪಾರ್ಕರ್ ಅವರ ವಾದನ ನಮಗೆ ವಿಶೇಷವಾಗಿ ವಿಚಾರಾರ್ಹ. 1944ರಲ್ಲಿ ಹುಟ್ಟಿದ ಇವರು ಏಕಾಂಗಿ ವಾದನಕ್ಕೆ ಹೆಚ್ಚಾಗಿ ಬಳಸಿದ್ದು ಸೊಪ್ರಾನೊ ಎಂಬ ಚಿಕ್ಕ ಸ್ಯಾಕ್ಸೊಫೋನನ್ನು. ಅದು ಬಾಗದೆ ನೆಟ್ಟಗಿದ್ದು, ತುದಿಗೆ ಬರಬರುತ್ತ ಅಗಲವಾಗುತ್ತದೆ. ದೂರದಿಂದ ನೋಡಿದರೆ ಗಿಡ್ಡ ನಾಗಸ್ವರವೆನ್ನಬೇಕು. 1978ರ ‘ಮೊನೋಸೆರಸ್’ ಎಂಬ ಮುದ್ರಿಕೆಯ ಒಂದು ಬದಿಯನ್ನು ಪೂರ್ತಿ ಒಂದೇ ವಾದನ ಆಕ್ರಮಿಸಿದೆ. ಅದನ್ನು ನೇರವಾಗಿ ತಟ್ಟೆಗೇ ಕೊರೆದದ್ದರಿಂದ ಆಮೇಲೆ ಕತ್ತರಿಸಿ ಜೋಡಿಸುವ ಅನುಕೂಲವೂ ಇರಲಿಲ್ಲ. ಕೇಳಲು ಕುಳಿತವನಿಗೆ ಮೊದಲು ಇಬ್ಬರು ಮೂವರು ಒಟ್ಟಿಗೆ ಊದುತ್ತಿದ್ದಾರೆಂಬ ಭ್ರಾಂತಿ ಉಂಟಾಗುತ್ತದೆ. ಕೆಳಗೆ ಒಂದು ಸ್ವರ ಗುಂಯ್ಗುಡುತ್ತಿರುವಾಗಲೇ ಮೇಲೆ ಹಕ್ಕಿಗಳ ಚಿಲಿಪಿಲಿಯಂತೆ ಸಣ್ಣ ಸ್ವರಗಳು ಹಾರಾಡುತ್ತವೆ. ಯಾವ ಸ್ವರವನ್ನು ನುಡಿಸಿದರೂ ಅದರೊಳಗೆ ಅಡಗಿರುವ ಮೇಲಿನ ಸ್ವರಗಳಿರುತ್ತವೆ. ತಂಬೂರಿಯ ಮುಂದೆ ಕುಳಿತ ಎಲ್ಲರಿಗೂ ಈ ಅನುಭವವುಂಟು. ತುಟಿಯ ಒತ್ತಡ, ಗಂಟಲಿನ ಆಕಾರ, ಬೆರಳುಗಳ ವಿಪರೀತ ಜೋಡಣೆ, ಇವುಗಳಿಂದ ಅಡಗಿದ್ದನ್ನು ಹೊರಗೆಳೆದು ಮೂಲಸ್ವರದ ಜೊತೆಗೇ ನಿಲ್ಲಿಸುವುದು ಪಾರ್ಕರರ ವಿದ್ಯೆ. ಉಸಿರು ಮುರಿಯುವುದಿಲ್ಲವಾದ್ದರಿಂದ ವಾಕ್ಯಕ್ಕೆ ಕೊನೆಯಿಲ್ಲ. ಕೊನೆಯಿಲ್ಲದ ಈ ವಾಕ್ಯದೊಳಗೆ ನಾಲಿಗೆ, ಬೆರಳು, ತುಟಿ ಒಂದೊಂದೂ ಬೇರೆ ಬೇರೆ ಗತಿಯಲ್ಲಿ ದಣಿಯುತ್ತ ಬರುತ್ತವೆ. ದಣಿದಲ್ಲಿ ಒಂದು ಸ್ವರ ಜಾರಿ ಬೇರೆಯದು ತಲೆಯೆತ್ತುತ್ತದೆ, ವಾದಕನು ಅದನ್ನೇ ಹಿಡಿದು ಮುಂದುವರಿಯುತ್ತಾನೆ. ದಣಿವೇ ಇಲ್ಲಿ ಸಂಗೀತದ ಮುಂದಿನ ಹೆಜ್ಜೆಯನ್ನು ತೋರುತ್ತಿರುವಂತೆ ಕೇಳುತ್ತದೆ.

1975ರಲ್ಲಿ ಹುಟ್ಟಿದ ಅಮೆರಿಕದ ಕಾಲಿನ್ ಸ್ಟೆಟ್ಸನ್ ಅವರದು ಇನ್ನೂ ಒರಟಾದ ಮಾರ್ಗ. ಆಳಿನ ಎದೆಯನ್ನೇ ಮುಚ್ಚುವಷ್ಟು ದೊಡ್ಡದಾದ ಬಾಸ್ ಸ್ಯಾಕ್ಸೊಫೋನು ಅವರ ವಾದ್ಯ. ‘ನ್ಯೂ ಹಿಸ್ಟರಿ ವಾರ್‌ಫೇರ್’ ಮಾಲೆಯಲ್ಲಿ 2011ರಲ್ಲಿ ಬಂದ ‘ಜಡ್ಜಸ್’ ಎಂಬ ಎರಡನೆಯ ಸಂಪುಟದಲ್ಲಿ ವಾದ್ಯದ ಭಾಗವನ್ನೆಲ್ಲ ಅವರು ಒಂದೇ ಸಲಕ್ಕೆ ನುಡಿಸಿದ್ದಾರೆ, ಒಂದರ ಮೇಲೊಂದು ಹೇರಿಲ್ಲ. ಕೀಲಿಗಳ ಬಡಿತವೇ ಮದ್ದಳೆಯಾಗುತ್ತದೆ. ಊದುತ್ತಿರುವಾಗಲೇ ಗಂಟಲಿನಿಂದ ಹಾಡುವ ದನಿಯನ್ನು ಕತ್ತಿಗೆ ಕಟ್ಟಿದ ಪುಟ್ಟ ಧ್ವನಿಗ್ರಾಹಕ ಹಿಡಿದು ಕೊಡುತ್ತದೆ. ಹೊಲದಲ್ಲಿ ಭಾರ ಎಳೆಯುವ ಎತ್ತಿನ ಪಕ್ಕದಲ್ಲಿ ನಿಂತವನಿಗೆ ಕೇಳುವ ಉಸಿರು ಯಾವುದೋ, ಅಂತಹುದು ಈ ಸಂಗೀತದ ಅಡಿಪಾಯ.

ಇಲ್ಲಿ ನನಗೊಂದು ಸಂಶಯವುಂಟು, ಅದನ್ನು ಮುಚ್ಚಿಡಲಾರೆ. ಶ್ರಮವನ್ನು ಪ್ರದರ್ಶಿಸುವ ಸಂಗೀತ ಕೆಲವೊಮ್ಮೆ ಗರಡಿಯ ಕಸರತ್ತಾಗಿ ಮುಗಿಯುತ್ತದೆ. ಜರ್ಮನಿಯ ಪೀಟರ್ ಬ್ರೋಟ್ಸ್‌ಮನ್ (1941-2023) ಅವರ ಅಬ್ಬರದ ವಾದನವನ್ನು ಕೇಳುವಾಗ, ಮೊದಲ ಹತ್ತು ನಿಮಿಷ ಮೈ ಜುಮ್ಮೆಂದರೂ ಆಮೇಲೆ ನನಗೆ ನೆನಪಾಗುವುದು ಗುಂಡುಕಲ್ಲೆತ್ತುವ ಪಂದ್ಯ: ಕಲ್ಲು ಮೇಲೆದ್ದಿತು, ಜನ ಕೂಗಿದರು, ಕಲ್ಲು ಕೆಳಗೆ ಬಿತ್ತು. ಅವರ ಅಭಿಮಾನಿಗಳು ಇದನ್ನು ಒಪ್ಪಲಾರರು, ಒಪ್ಪಬೇಕೆಂಬ ಹಟ ನನಗೂ ಇಲ್ಲ. ನಾನು ಇಟ್ಟುಕೊಂಡಿರುವ ಒರೆಗಲ್ಲು ಸಾಮಾನ್ಯವಾದದ್ದು. ವಾದಕನು ಪಡುವ ಕಷ್ಟವನ್ನು ಕಣ್ಣಿನಿಂದ ಮರೆಮಾಡಿ ಕಿವಿಯನ್ನಷ್ಟೇ ತೆರೆದಿಟ್ಟಾಗ, ಆ ಕಷ್ಟವಿಲ್ಲದೆ ಹುಟ್ಟಲಾರದಂಥ ಆಕಾರವೊಂದು ಸಂಗೀತದಲ್ಲಿ ಕೇಳಿಸಬೇಕು. ಪಾರ್ಕರರಲ್ಲಿ ಅದು ಕೇಳಿಸುತ್ತದೆ. ಸ್ಟೆಟ್ಸನ್ನರಲ್ಲಿ ಬಹುಮಟ್ಟಿಗೆ ಕೇಳಿಸುತ್ತದೆ, ಕೆಲವೆಡೆ ಬೆರಗು ಮಾತ್ರ ಉಳಿಯುತ್ತದೆ.

ಇದೇ ಒರೆಗಲ್ಲನ್ನು ಹಿಡಿದು ನಮ್ಮವರೇ ಆದ ಕದ್ರಿ ಗೋಪಾಲನಾಥರ ಕಡೆಗೆ ತಿರುಗಿದರೆ ಪ್ರಶ್ನೆ ತೊಡಕಾಗುತ್ತದೆ. ಇಂದಿನ ದಕ್ಷಿಣ ಕನ್ನಡದ ಬಂಟ್ವಾಳ ಸೀಮೆಯಲ್ಲಿ 1949ರಲ್ಲಿ ಹುಟ್ಟಿ 2019ರಲ್ಲಿ ಮಂಗಳೂರಿನಲ್ಲಿ ತೀರಿಕೊಂಡ ಈ ಮಹನೀಯರ ತಂದೆ ತನಿಯಪ್ಪನವರು ನಾಗಸ್ವರ ವಾದಕರು. ಮಗನಿಗೂ ಮೊದಲು ಒಲಿದದ್ದು ನಾಗಸ್ವರವೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತರು. ಅದರಲ್ಲಿ ಕರ್ನಾಟಕ ಸಂಗೀತವನ್ನು ಪಳಗಿಸಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್, ಬಳಿಕ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರಿಗೆ ಗುರುಗಳು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂದಿತು.

ಇವರನ್ನು ಹೊಗಳಿದವರೆಲ್ಲರೂ ಹೇಳಿದ್ದು ಒಂದೇ: ಹಿತ್ತಾಳೆಯ ವಾದ್ಯ ಹಾಡುವ ಕಂಠದಂತಾಯಿತು, ಕಷ್ಟವೇ ಕಾಣಲಿಲ್ಲ. ಈ ಹೊಗಳಿಕೆಯ ಬಗೆಗೇ ನನ್ನ ತಕರಾರು. ಸ್ಯಾಕ್ಸೊಫೋನಿನ ರಚನೆಯನ್ನು ನೋಡಿರಿ. ನಾಗಸ್ವರದಲ್ಲಿ ಬೆರಳು ರಂಧ್ರವನ್ನೇ ಮುಟ್ಟುತ್ತದೆ; ಅರ್ಧ ಮುಚ್ಚಿ, ಕಾಲು ತೆರೆದು, ಸ್ವರದಿಂದ ಸ್ವರಕ್ಕೆ ಜಾರಬಹುದು. ಸ್ಯಾಕ್ಸೊಫೋನಿನಲ್ಲಿ ಬೆರಳು ಮುಟ್ಟುವುದು ಕೀಲಿಯನ್ನು; ಕೀಲಿ ಒಂದು ಮುಚ್ಚಳವನ್ನು ಒತ್ತುತ್ತದೆ; ಮುಚ್ಚಳ ರಂಧ್ರವನ್ನು ಮುಚ್ಚುತ್ತದೆ. ಮೆಟ್ಟಲುಗಳಿಗೆಂದೇ ಕಟ್ಟಿದ ವಾದ್ಯವದು, ಜಾರುವುದಕ್ಕಲ್ಲ. ಗೋಪಾಲನಾಥರು ವಾದ್ಯದಲ್ಲಿ ಕೆಲವು ಮಾರ್ಪಾಡುಗಳನ್ನು ಮಾಡಿಕೊಂಡರು, ನಿಜ. ಆದರೂ ಗಮಕದ ಹೆಚ್ಚಿನ ಭಾರ ಬಿದ್ದದ್ದು ತುಟಿ, ದವಡೆ, ಗಂಟಲು, ವಪೆಗಳ ಮೇಲೆ. ಕೆಳತುಟಿಯನ್ನು ಹಲ್ಲಿನ ಮೇಲೆ ಮಡಿಸಿ ಅದರ ಮೇಲೆ ಜೊಂಡಿನ ನಾಲಿಗೆಯನ್ನಿಟ್ಟು ಬಿಗಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಗಂಟೆಗಟ್ಟಲೆ ಹೀಗೆ ನುಡಿಸುವವನ ತುಟಿಯ ಒಳಮೈಯಲ್ಲಿ ಹಲ್ಲಿನ ಗುರುತು ಮೂಡದೆ ಇರದು. ಇದರ ಮೇಲೆ, ಪಾಶ್ಚಾತ್ಯರು ನಿಂತು ನುಡಿಸುವ ಈ ವಾದ್ಯವನ್ನು ಅವರು ನಮ್ಮ ವೇದಿಕೆಯ ಮರ್ಯಾದೆಗೆ ತಕ್ಕಂತೆ ಚಕ್ಕಳಮಕ್ಕಳ ಹಾಕಿ ಕುಳಿತು ನುಡಿಸಿದರು. ಹಾಗೆ ಕುಳಿತು ಹೊಟ್ಟೆಯ ತಳದಿಂದ ಉಸಿರನ್ನು ಎತ್ತುವುದೆಂದರೇನೆಂದು, ನೆಲದ ಮೇಲೆ ಕುಳಿತು ಗಟ್ಟಿಯಾಗಿ ಪಾಠ ಓದಿಸಿದ ಯಾವ ಉಪಾಧ್ಯಾಯನಿಗೂ ಗೊತ್ತು.

ಎಂದರೆ ಇಲ್ಲಿ ಶ್ರಮ ಇಲ್ಲವೆಂದಲ್ಲ, ಶ್ರಮ ಒಳಗೆ ಸರಿದಿದೆ. ಅವರ ವಿಳಂಬದ ಆಲಾಪನೆಯನ್ನು ಮುದ್ರಿಕೆಗಳಲ್ಲಿ ಕಿವಿಗೊಟ್ಟು ಕೇಳಿದರೆ ಅದು ಹಿಡಿಕೆಗೆ ಸಿಕ್ಕುತ್ತದೆ. ವೀಣೆಯಲ್ಲಿ ಮೀಟಿದ ನಾದ ತಾನಾಗಿ ಕ್ಷೀಣಿಸುತ್ತದೆ. ಪಿಟೀಲಿನಲ್ಲಿ ಕಮಾನು ತಿರುಗುತ್ತದೆ. ಊದುವ ವಾದ್ಯದಲ್ಲಿ ಮಾತ್ರ ಸಂಚಾರದ ಉದ್ದವನ್ನು ಎದೆಯೇ ಅಳೆಯಬೇಕು. ಗೋಪಾಲನಾಥರು ಉಸಿರಿನ ಸಂದನ್ನು ರಾಗವು ವಿಶ್ರಮಿಸುವ ಸ್ವರದ ಬಳಿಯೇ ಬರುವಂತೆ ಹೊಂದಿಸುತ್ತಾರೆ. ಆದ್ದರಿಂದಲೇ ನಮಗೆ ಅವರು ಉಸಿರೆಳೆದದ್ದು ತಿಳಿಯುವುದಿಲ್ಲ, ರಾಗ ನಿಂತಿತೆಂದು ತಿಳಿಯುತ್ತದೆ. ಪಾರ್ಕರ್ ಉಸಿರಿನ ಅಂತ್ಯವನ್ನೇ ಅಳಿಸಿಹಾಕಿದರು. ಇವರು ಆ ಅಂತ್ಯವನ್ನು ರಾಗದ ಅಂತ್ಯದೊಳಗೆ ಅಡಗಿಸಿದರು. ಎರಡನೆಯದು ಮೊದಲನೆಯದಕ್ಕಿಂತ ಕಡಿಮೆ ದುಡಿಮೆಯೆಂದು ನಾನು ಒಪ್ಪಲಾರೆ. ಅತಿ ವೇಗದ ಸ್ವರಪ್ರಸ್ತಾರಗಳಲ್ಲಿ ಮಾತ್ರ ಕೀಲಿಯ ಮೆಟ್ಟಲುಗಳು ಎದ್ದು ಕಾಣುತ್ತವೆ, ಗಮಕ ತೆಳುವಾಗುತ್ತದೆ. ಸಭೆ ಚಪ್ಪಾಳೆ ತಟ್ಟುವುದು ಅಲ್ಲಿಯೇ ಎಂಬುದು ವಿಚಿತ್ರ.

ಈ ಎರಡು ಮಾರ್ಗಗಳೂ ಒಂದೇ ವೇದಿಕೆಯಲ್ಲಿ ಸಂಧಿಸಿದ ಪ್ರಸಂಗ ಉಂಟು. 1971ರಲ್ಲಿ ಹುಟ್ಟಿ ಅಮೆರಿಕದ ಬೋಲ್ಡರ್ ಊರಿನಲ್ಲಿ ಬೆಳೆದ ರುದ್ರೇಶ್ ಮಹಾಂತಪ್ಪ ಕರ್ನಾಟಕ ಮೂಲದ ಮನೆತನದವರು, ಜಾಝ್ ಪದ್ಧತಿಯ ಆಲ್ಟೊ ಸ್ಯಾಕ್ಸೊಫೋನ್ ವಾದಕರು. ಅವರು ಗೋಪಾಲನಾಥರೊಡನೆ ಕೂಡಿ 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಮುದ್ರಿಕೆ ತಂದರು, ‘ಬಂಧುಗಳು’ ಎಂದರ್ಥ. ಪಿಟೀಲಿನಲ್ಲಿ ಎ. ಕನ್ಯಾಕುಮಾರಿ, ಮೃದಂಗದಲ್ಲಿ ಪೂವಲೂರ್ ಶ್ರೀಜಿ ಜೊತೆಗಿದ್ದರು. ಎರಡೂ ಒಂದೇ ಜಾತಿಯ ವಾದ್ಯ. ರುದ್ರೇಶರ ದನಿಗೆ ಚೂಪಾದ ಅಂಚು, ಉಸಿರಿನ ಬಡಿತ ಹೊರಗೇ ಇದೆ. ಗೋಪಾಲನಾಥರ ದನಿ ನಾಗಸ್ವರದ ಮನೆಯಿಂದ ಬಂದದ್ದು, ಗುಂಡಗಿದೆ. ಇಬ್ಬರನ್ನೂ ಅಕ್ಕಪಕ್ಕದಲ್ಲಿ ಕೇಳಿದ ಮೇಲೆ ‘ನಿರಾಯಾಸ’ ಎಂಬ ಮಾತನ್ನು ಹಿರಿಯರ ಮೇಲೆ ಹೊರಿಸುವುದು ಅನ್ಯಾಯವೆಂದು ನನಗೆ ತೋರಿತು. ಕಿರಿಯನು ದುಡಿಯುವುದು ಕೇಳುತ್ತದೆಂದು ದುಡಿಮೆ ಅವನೊಬ್ಬನದೇ ಆಗುವುದೆ?

ನಮ್ಮ ಶರಣರು ದುಡಿಮೆಗೆ ಕೊಟ್ಟ ಹೆಸರು ‘ಕಾಯಕ’. ಆ ಮಾತು ಕಾಯದಿಂದಲೇ ಬಂದದ್ದು. ಹೊಲ, ಮಗ್ಗ, ತಿರುಗುವ ತಿಗರಿ ಇವುಗಳಲ್ಲಿ ಕಾಯಕವನ್ನು ಕಂಡು ಕೈಮುಗಿಯುವ ನಾವು ಊದುವವನ ಎದೆಯಲ್ಲಿ ಅದನ್ನು ಕಾಣಲಿಲ್ಲ. ವಾಲಗವನ್ನು ಮಂಗಳದ ಗುರುತೆಂದು ಬಳಸಿದೆವು, ಸಂಗೀತವೆಂದು ಕೇಳಲಿಲ್ಲ. ‘ಗಟ್ಟಿಮೇಳ’ ಎಂಬ ನಮ್ಮ ಕೂಗಿನ ಅರ್ಥವೇನು? ಮುಹೂರ್ತದಲ್ಲಿ ಕೇಳಬಾರದ ದನಿಗಳು ಕೇಳದಂತೆ ಜೋರಾಗಿ ಬಾರಿಸಿ ಎಂದು. ಆ ಘಳಿಗೆಯಲ್ಲಿ ನಾವು ವಿದ್ವಾಂಸನಿಂದ ಬೇಡುವುದು ರಾಗವನ್ನಲ್ಲ, ಶ್ವಾಸಕೋಶವನ್ನು. ಪಂಕ್ತಿ ಎದ್ದ ಮೇಲೆ ಅವನ ಊಟ. ಹೀಗೆ ನಡೆದುಕೊಂಡ ಸಮಾಜದ ವಿಮರ್ಶೆಗೆ ದೇಹಶ್ರಮವನ್ನು ಹೇಳುವ ಮಾತುಗಳಿಲ್ಲದಿರುವುದು ಆಶ್ಚರ್ಯವಲ್ಲ. ಕೆನ್ನೆ ಉಬ್ಬಿಸುವ ಕುಲಗಳು ಬೇರೆ, ಕೆನ್ನೆ ಉಬ್ಬುವುದನ್ನು ದೋಷವೆಂದು ಬರೆದಿಟ್ಟ ಕುಲಗಳು ಬೇರೆ. ಹೇಮಾವತಿಯ ಸಿದ್ಧೇಶ್ವರನ ಶಿವರಾತ್ರಿ ಜಾತ್ರೆಗೆ ಎಷ್ಟೋ ಸಲ ಹೋಗಿದ್ದೇನೆ. ನೊಳಂಬರ ಕಾಲದ ಕಂಬಗಳ ಕೆತ್ತನೆಯ ನಯವನ್ನು ಮಕ್ಕಳಿಗೆ ಬೆರಳಿಟ್ಟು ತೋರಿಸಿದ್ದೇನೆ. ಹೊರಗೆ ಊದುತ್ತಿದ್ದವರ ಕಡೆಗೆ ಬೆರಳು ತೋರಿಸಿದ ನೆನಪಿಲ್ಲ.

ಅಮರಾಪುರದ ಕಡೆಯ ಆ ಮದುವೆಯ ಮಾತನ್ನು ಅರ್ಧಕ್ಕೆ ಬಿಟ್ಟಿದ್ದೆ. ಹುಡುಗ ಊಟಕ್ಕೆ ಬರಲಿಲ್ಲ. ನಾನು ಕೈತೊಳೆದು ಹಿಂತಿರುಗಿದಾಗ ಅವನು ಮುದುಕನ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಮೇಳ ನಿಂತಿತ್ತು. ಮುದುಕನ ಅಂಗಿಯ ಬೆನ್ನು ಒದ್ದೆಯಾಗಿತ್ತು, ತುಟಿಯ ನಡುವೆ ಕೊಳವೆಯ ಗುರುತು ಬಿಳಿಚಿಕೊಂಡು ನಿಂತಿತ್ತು. ಆತ ಹಿತ್ತಲಿನ ಪರಂಗಿ ಗಿಡದಿಂದ ಒಂದು ಎಲೆಯ ದಂಟನ್ನು ಮುರಿಸಿ ತರಿಸಿ, ಅದನ್ನು ಚೊಂಬಿನ ನೀರಿನಲ್ಲಿ ಅದ್ದಿ ಹುಡುಗನ ಬಾಯಿಗೆ ಕೊಟ್ಟ. “ಊದಪ್ಪ. ಗುಳ್ಳೆ ನಿಲ್ಲಬಾರ್ದು. ಕೆನ್ನೇಲಿ ಒಸಿ ಉಳಿಸ್ಕೊ, ಮೂಗ್ನಾಗೆ ಎಳ್ಕೊ” ಎಂದ. ಹುಡುಗ ಊದಿದ. ಗುಳ್ಳೆ ಎದ್ದಿತು, ನಿಂತಿತು. ಮತ್ತೆ ಊದಿದ. ಮೂಗಿಗೆ ನೀರು ಹೋಗಿ ಕೆಮ್ಮಿದ, ಕಣ್ಣು ಕೆಂಪಾಯಿತು. ಮುದುಕ ನಗಲಿಲ್ಲ, ತನ್ನ ಎರಡು ಬೆರಳುಗಳನ್ನು ಹುಡುಗನ ಕೆನ್ನೆಗಳ ಮೇಲೆ ಮೆಲ್ಲನೆ ಒತ್ತಿ ಹಿಡಿದು, ಇನ್ನೊಂದು ಸಲ ಎಂದ.

ಎತ್ತಿನ ಗಾಡಿ ಹೊರಡುವ ಹೊತ್ತಿಗೆ ಹುಡುಗ ಆ ದಂಟನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ. ಮಾರನೆಯ ದಿನ ಶಾಲೆಯ ಜಗಲಿಯ ಮೇಲೆ, ಕುಡಿಯುವ ನೀರಿನ ಕೊಡದ ಹತ್ತಿರ, ನಾಲ್ಕು ಮಂದಿ ಹುಡುಗರು ನಾಲ್ಕು ಪರಂಗಿ ದಂಟು ಹಿಡಿದು ಕೆನ್ನೆ ಉಬ್ಬಿಸಿ ಕುಳಿತಿದ್ದರು.